ವಾರಾನ್ನದ ಹಾದಿಗಳು

ಹೋದ ತಿಂಗಳು ನಮ್ಮ ಸಂಘದ ತರುಣ ಮಿತ್ರರೊಬ್ಬರು ನನ್ನಲ್ಲಿಗೆ ಬಂದು, ಕಲಬುರಗಿಯನ್ನು ನೋಡಬಂದ ಪರಸ್ಥಳದವರು ಕಾಲ್ನಡಿಗೆಯಿಂದಲೇ ಊರನ್ನು ಸುತ್ತಲಿಕ್ಕೆ ಅನುಕೂಲವಾಗುವಂಥ ಚಿಕ್ಕ ಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿರುವದಾಗಿಯೂ, ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಬೇಕೆಂಬ ಕ್ರಮವನ್ನು ನಾನು ಹೇಳಿಕೊಡಬೇಕೆಂದೂ ಕೇಳಿದರು. ಅವರ ಕೈಯಲ್ಲಿದ್ದ ಯಾದಿಯಲ್ಲಿ ಕೋಟೆ ಮೊದಲು, ದರ್ಗಾ ಕಡೆಗೆ; ನಡುವೆ ಗುಡಿ, ಕೆರೆ, ತೋಟ, ಗುಮ್ಮಟಗಳು. ನೋಡುವವನ ಅನುಕೂಲಕ್ಕೆ ಅದು ಸರಿಯಾದ ಯಾದಿಯೇ. ಆದರೆ ನನ್ನ ಬಾಯಿಂದ ಬಂದ ಉತ್ತರವು ಬೇರೆಯಾಯಿತು. “ನನಗೆ ಈ ಊರಿನಲ್ಲಿ ಗೊತ್ತಿರುವವು ಏಳೇ ಹಾದಿಗಳು, ಅವುಗಳ ಹೆಸರು ರವಿವಾರ, ಸೋಮವಾರ, ಮಂಗಳವಾರ...” ಎಂದೆನು. ಅವರು ನಕ್ಕರು. ಮುದುಕರ ಮಾತಿಗೆ ಹೀಗೆ ನಗುವದು ತರುಣರ ಹಕ್ಕು. ಆಗ ಅವರಿಗೆ ಹೇಳದೆ ಉಳಿದದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಅಫಜಲಪುರ ತಾಲೂಕಿನ ಭೀಮಾತೀರದ ಒಂದು ಹಳ್ಳಿ. ೧೯೭೨ನೆಯ ಇಸವಿಯಲ್ಲಿ ಮಳೆಯು ಕೈಕೊಟ್ಟು ಬರಗಾಲವು ಬಿದ್ದಾಗ ನಾನು ಹನ್ನೆರಡು ವರ್ಷದವನು. ತಂದೆಯವರು ನನ್ನನ್ನು ಕಲಬುರಗಿಗೆ ಕರೆತಂದು ಒಂದು ಸಂಸ್ಕೃತ ಪಾಠಶಾಲೆಯಲ್ಲಿ ಬಿಟ್ಟರು. ಮಗನು ನಾಲ್ಕು ಅಕ್ಷರ ಕಲಿಯಲೆಂಬದೂ, ಮನೆಯಲ್ಲಿ ಉಣ್ಣುವ ಬಾಯಿ ಒಂದು ಕಡಿಮೆಯಾಗಲೆಂಬದೂ ಅವರ ಉದ್ದೇಶಗಳಾಗಿದ್ದವು. ಇವೆರಡರಲ್ಲಿ ಯಾವದು ಮೊದಲಿನದೆಂದು ನಾನು ಅವರನ್ನು ಎಂದೂ ಕೇಳಲಿಲ್ಲ. ಪಾಠಶಾಲೆಯಲ್ಲಿ ಮಲಗಲು ನೆಲವಿತ್ತು, ಸ್ನಾನಕ್ಕೆ ಬಾವಿಯಿತ್ತು, ಓದಲು ಶಬ್ದವೂ ಕೋಶವೂ ಇದ್ದವು. ಊಟವೊಂದು ಇರಲಿಲ್ಲ. ಊಟಕ್ಕೆ ವಾರಾನ್ನ.

ವಾರಾನ್ನವೆಂದರೆ ಏನೆಂಬದನ್ನು ಈಗಿನ ಹುಡುಗರಿಗೆ ಬಿಡಿಸಿ ಹೇಳಬೇಕಾಗಿದೆ. ಊರಿನ ಏಳು ಮನೆಗಳವರು ವಾರಕ್ಕೆ ಒಂದೊಂದು ದಿನ ಬಡ ವಿದ್ಯಾರ್ಥಿಗೆ ಅನ್ನವಿಕ್ಕಲು ಒಪ್ಪಿಕೊಳ್ಳುವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಹುಡುಗನು ಆಯಾ ದಿನ ಆಯಾ ಮನೆಗೆ ತಾನಾಗಿ ಹೋಗಿ, ಕರೆದಾಗ ಒಳಗೆ ಕುಳಿತು, ಇಕ್ಕಿದ್ದನ್ನು ಉಂಡು, ಎಲೆಯೆತ್ತಿ ಬರಬೇಕು. ಈ ಭಾಗದಲ್ಲಿ ಎಷ್ಟೋ ಜನ ವಿದ್ವಾಂಸರೂ ವಕೀಲರೂ ಹೀಗೆ ಉಂಡೇ ಓದಿದವರು. ಏಳು ಮನೆಗಳನ್ನು ಹೊಂದಿಸಿಕೊಳ್ಳುವದು ಮಾತ್ರ ಸುಲಭವಲ್ಲ, ಅದೂ ಬರಗಾಲದ ವರ್ಷದಲ್ಲಿ. ನನಗೆ ಸಿಕ್ಕವು ಆರು. ಏಳನೆಯದರ ಮಾತನ್ನು ಮುಂದೆ ಹೇಳುತ್ತೇನೆ. ಅವು ಊರಿನ ಆರು ದಿಕ್ಕಿಗೆ ಚದರಿದ್ದವಾದ್ದರಿಂದ ನಾನು ಈ ಊರನ್ನು ಹಸಿವಿನ ಕಾಲಿನಿಂದ ಕಲಿತೆನು. ಹೋಗುವಾಗ ವೇಗವಾಗಿ, ಬರುವಾಗ ನಿಧಾನವಾಗಿ. ಆದಕಾರಣ ನಾನು ಕಂಡದ್ದೆಲ್ಲವನ್ನೂ ಬರುವಾಗಲೇ ಕಂಡದ್ದು.

ಎಲ್ಲ ಹಾದಿಗಳೂ ಕೆರೆಯಿಂದ ಹೊರಡುತ್ತಿದ್ದವು. ಕಾಗದಪತ್ರಗಳಲ್ಲಿ ಅದು ಶರಣಬಸವೇಶ್ವರ ಕೆರೆ. ಜನರ ಬಾಯಲ್ಲಿ ಅಪ್ಪನ ಕೆರೆ. ನಾನು ಮೊದಲು ನೋಡಿದಾಗ ನೀರು ನಡುವಿಗೆ ಸರಿದು, ಸುತ್ತಲಿನ ಕೆಸರು ಬಿರಿದು, ಹಂಚಿನ ಚೂರುಗಳನ್ನು ಹಾಸಿದಂತೆ ಕಾಣುತ್ತಿತ್ತು. ನಾವು ಹುಡುಗರು ದಂಡೆಯ ಸುತ್ತು ಬಳಸದೆ ಆ ಬಿರುಕುಗಳ ಮೇಲೆಯೇ ಹಾದು ಹೋಗುತ್ತಿದ್ದೆವು. ಈಗ ಅಲ್ಲಿ ನಡೆದಾಡುವವರಿಗೆಂದು ಕಟ್ಟಿಸಿದ ಹಾದಿಯಿದೆ, ದೋಣಿಗಳಿವೆ. ೨೦೨೦ರಲ್ಲಿ ಸೇವೆಯಿಂದ ನಿವೃತ್ತನಾಗಿ ಮಗನ ಮನೆಗೆ ಬಂದಂದಿನಿಂದ ನಾನೂ ಪ್ರಾತಃಕಾಲ ಅಲ್ಲಿಗೆ ಹೋಗುತ್ತಿದ್ದೆನು. ಸಕ್ಕರೆಯ ರೋಗಕ್ಕೆ ವೈದ್ಯರ ಅಪ್ಪಣೆ. ಆದರೆ ಕೆರೆಯನ್ನು ಸುತ್ತುವವರು ಎಲ್ಲಿಗೂ ಹೋಗುವದಿಲ್ಲವೆಂಬದು ನನಗೆ ಬೇಗನೆ ತಿಳಿಯಿತು. ಹೊರಟಲ್ಲಿಗೇ ಬರುತ್ತಾರೆ, ಬಂದು, ಎಷ್ಟು ಹೆಜ್ಜೆಗಳಾದವೆಂದು ಕೈಗಡಿಯಾರವನ್ನು ನೋಡುತ್ತಾರೆ. ಎಲ್ಲಿಗೂ ಮುಟ್ಟದ ನಡಿಗೆ ನನಗೆ ಒಗ್ಗಲಿಲ್ಲ. ಆದುದರಿಂದ ಒಂದು ಸೋಮವಾರ, ಯಾಕೆ ಹೀಗೆ ಮಾಡುತ್ತೇನೆಂದು ಯಾರಿಗೂ ಹೇಳದೆ, ದಂಡೆಯಿಂದ ಇಳಿದು ಸೋಮವಾರದ ಹಾದಿಯನ್ನು ಹಿಡಿದೆನು.

ಸೋಮವಾರದ ಮನೆ ಬ್ರಹ್ಮಪುರದಲ್ಲಿತ್ತು. ಆ ಮನೆಯವರು ಬಹಳ ಉದಾರಿಗಳೆಂದು ಮೊದಲು ತಿಳಿದಿದ್ದೆನು. ಅವರದು ಸೋಮವಾರದ ಉಪವಾಸದ ವ್ರತವೆಂಬದು ಆಮೇಲೆ ಗೊತ್ತಾಯಿತು. ಹುರಿದ ಶೇಂಗಾ, ಬೆಲ್ಲ, ಸಾಬುದಾಣಿ. ಶ್ರಾವಣದಲ್ಲಿ ಒಂದು ಬಾಳೆಹಣ್ಣು. ಹುಡುಗನಿಗೂ ಪುಣ್ಯ ಬರಲೆಂಬ ಅವರ ಭಾವನೆ ಶುದ್ಧವಾದದ್ದೇ. ಆ ಹಾದಿಯಲ್ಲಿ ನನಗೆ ನೆನಪಿರುವದು ಖಾನಾವಳಿಗಳ ವಾಸನೆಯೊಂದೇ.

ರವಿವಾರದ್ದು ವಕೀಲರ ಮನೆ, ಮಹಬೂಬ್ ಗುಲ್ಶನ್ ತೋಟವನ್ನು ದಾಟಿ ಹೋಗಬೇಕು. ಅಲ್ಲಿ ಅನ್ನವೂ ತೊವ್ವೆಯೂ ಇರುತ್ತಿದ್ದವು. ಹೆಚ್ಚಿಗೆ ಹೇಳತಕ್ಕದ್ದೇನೂ ಇಲ್ಲ. ಮಂಗಳವಾರದ್ದು ಗಾಜಿಪುರದ ಒಬ್ಬ ಶಿಕ್ಷಕರ ಮನೆ. ಅವರು ಊಟಕ್ಕೆ ಮೊದಲು ವಿಭಕ್ತಿ ಕೇಳುವರು. ತಪ್ಪಿದರೆ ಇಕ್ಕುವದೇನೋ ಇಕ್ಕುವರು, ಆದರೆ ಮುಖ ನೋಡುತ್ತಿರಲಿಲ್ಲ. ಆಗ ಮಹಬೂಬ್ ಶಾಹಿ ಗಿರಣಿ ನಡೆಯುತ್ತಿತ್ತು. ಅದರ ಭೋಂಗಾ ಆದಾಗ ನಾನು ಎಲ್ಲಿದ್ದರೂ ಓಡುತ್ತಿದ್ದೆನು, ಊಟದ ವೇಳೆಗೆ ನನಗೆ ಬೇರೆ ಗಡಿಯಾರವಿರಲಿಲ್ಲ. ಗಿರಣಿ ಮುಚ್ಚಿ ಬಹಳ ವರ್ಷಗಳಾದವು, ಆದರೆ ಹೆಸರನ್ನು ಆ ಬಡಾವಣೆಯವರು ಬಿಟ್ಟುಕೊಟ್ಟಿಲ್ಲ.

ಬುಧವಾರದ ಹಾದಿ ಕೋಟೆಯದು. ಕಂದಕದ ಅಂಚಿನಲ್ಲಿ ಒಬ್ಬ ಗುಮಾಸ್ತರ ಮನೆ. ಮಾಳಿಗೆಯ ಮೇಲೆ ಕುಳಿತು ಉಣ್ಣುತ್ತಿದ್ದರೆ ಎದುರಿಗೆ ಎರಡು ಸುತ್ತಿನ ಗೋಡೆ, ಬುರುಜುಗಳು, ಕೆಳಗೆ ಪಾಚಿಗಟ್ಟಿದ ನೀರು. ಅಮರಕೋಶದ ವಾರಿವರ್ಗವನ್ನು ನಾನು ಬುಧವಾರಗಳಲ್ಲಿಯೇ ಬಾಯಿಪಾಠ ಮಾಡಿದ್ದರಿಂದ, ಇಂದಿಗೂ ಸಮುದ್ರದ ಪರ್ಯಾಯಪದಗಳನ್ನು ಹೇಳಹೋದರೆ ಕಣ್ಣ ಮುಂದೆ ಬರುವದು ಆ ಕಂದಕವೇ. ಸಮುದ್ರವನ್ನು ನಾನು ನಲವತ್ತು ದಾಟಿದ ಮೇಲೆ ನೋಡಿದೆನು. ೧೩೪೭ರಲ್ಲಿ ಹಸನ್ ಬಹಮನ್ ಶಹನು ಈ ಊರನ್ನು ರಾಜಧಾನಿ ಮಾಡಿಕೊಂಡು ಅಹಸನಾಬಾದವೆಂದು ಹೆಸರಿಟ್ಟನು. ಬೀದರಕ್ಕೆ ರಾಜಧಾನಿಯು ಹೋಗುವ ವರೆಗೆ, ಮುಕ್ಕಾಲು ಶತಮಾನಕ್ಕೆ ತುಸು ಹೆಚ್ಚು ಕಾಲ, ದಖ್ಖಣದ ದೊಡ್ಡ ಭಾಗವು ಈ ಗೋಡೆಗಳ ಕಡೆಗೆ ಮುಖ ಮಾಡಿತ್ತು. ಆದರೆ ಹನ್ನೆರಡು ವರ್ಷದವನಿಗೆ ಇದಾವದೂ ಬೇಕಿರಲಿಲ್ಲ. ಉಂಡಾದ ಮೇಲೆ ನಾನು ಒಳಗಿನ ಜಾಮಿ ಮಸೀದಿಯ ನೆರಳಿಗೆ ಹೋಗುತ್ತಿದ್ದೆನು. ಸಾಮಾನ್ಯವಾಗಿ ದೊಡ್ಡ ಮಸೀದಿಗಳಿಗೆ ಬಯಲಾದ ಅಂಗಳವಿರುತ್ತದೆ; ೧೩೬೭ರ ಈ ಮಸೀದಿಗೆ ಅಂಗಳವೇ ಇಲ್ಲ, ಇಡಿಯ ಸ್ಥಳಕ್ಕೆ ಗುಮ್ಮಟಗಳ ಮಾಡು. ಕಟ್ಟಿದವನು ಇರಾನದ ಕಜ್ವೀನದಿಂದ ಬಂದ ಮನೆತನದ ರಫಿ ಎಂಬವನೆಂದು ಅಲ್ಲಿಯ ಶಾಸನ ಹೇಳುತ್ತದೆ. ಅಂಗಳವನ್ನು ಏಕೆ ಬಿಟ್ಟನೆಂಬದಕ್ಕೆ ಪಂಡಿತರು ಏನೇನೋ ಕಾರಣ ಕೊಡುತ್ತಾರೆ. ಕಲಬುರಗಿಯ ವೈಶಾಖದಲ್ಲಿ ಬರಿಗಾಲಿನಿಂದ ನಡೆದುಬಂದು ಆ ಅಗಲವಾದ, ನೆಲಕ್ಕೆ ಬಾಗಿದಂತಿರುವ ಕಮಾನುಗಳ ಕೆಳಗೆ ನಿಂತವನಿಗೆ ಆ ಪ್ರಶ್ನೆಯೇ ಏಳುವದಿಲ್ಲ. ಜುಟ್ಟಿನ ಹುಡುಗನೊಬ್ಬ ಅಲ್ಲಿ ಕುಳಿತು ಗುಣುಗುಣಿಸುತ್ತಿರುವದನ್ನು ಕಂಡು ಒಬ್ಬ ವೃದ್ಧರು ಒಮ್ಮೆ, ಏನು ಓದುತ್ತೀ ಎಂದು ಕೇಳಿದ್ದರು. ನೀರಿನ ಹೆಸರುಗಳು ಎಂದೆನು. ಬರದ ವರ್ಷ, ಅವರು, ಜೋರಾಗಿ ಓದು ಎಂದು ಹೇಳಿ ಹೋದರು.

ಗುರುವಾರದ ಮನೆ ಶಹಾಬಜಾರದ ಕಡೆಗೆ. ದತ್ತಭಕ್ತರು, ನಮ್ಮ ತಾಲೂಕಿನ ಗಾಣಗಾಪುರದ ಪಾದುಕೆಗಳಿಗೆ ನಡೆದುಕೊಳ್ಳುವವರು. ಭೀಮಾ–ಅಮರ್ಜಾ ಸಂಗಮದ ಕಡೆಯ ಹುಡುಗನೆಂದೇ ನನ್ನನ್ನು ಒಪ್ಪಿಕೊಂಡಿದ್ದರು. ಚೌಕಿನಲ್ಲಿ ಆ ದಿನ ಬಂದೇನವಾಜರ ದರ್ಗಾಕ್ಕೆ ಹೋಗುವ ಜನರ ಸಾಲು ಎದುರಾಗುತ್ತಿತ್ತು. ಅವರಿಗೂ ಗುರುವಾರವೇ ವಿಶೇಷ. ಕೆಲವರ ಕೈಯಲ್ಲಿ ದರ್ಗಾದ ಹೂವೂ ಗಾಣಗಾಪುರದ ಭಸ್ಮವೂ ಎರಡೂ ಇರುತ್ತಿದ್ದವು.

ಶುಕ್ರವಾರಕ್ಕೆ ಮನೆ ಸಿಕ್ಕಿರಲಿಲ್ಲ. ಎರಡು ಶುಕ್ರವಾರ ನೀರು ಕುಡಿದು ಮಲಗಿದೆನು. ಮೂರನೆಯದಕ್ಕೆ ಶರಣಬಸವೇಶ್ವರರ ಗುಡಿಯ ದಾಸೋಹದ ಪಂಕ್ತಿಯಲ್ಲಿ ಹೋಗಿ ಕುಳಿತೆನು. ಹಾದಿಯೆನ್ನುವಷ್ಟು ದೂರವೂ ಅಲ್ಲ, ಕೆರೆಯ ಮಗ್ಗುಲು. ಜೇವರಗಿ ತಾಲೂಕಿನ ಅರಳಗುಂಡಗಿಯಲ್ಲಿ ೧೭೪೬ರಲ್ಲಿ ಹುಟ್ಟಿ, ಒಕ್ಕಲುತನ ಮಾಡಿ, ಹೊಲದ ತೆನೆಯನ್ನು ಹಕ್ಕಿಗಳಿಗೂ ಬಿಟ್ಟುಕೊಟ್ಟರೆಂದು ಜನರು ಹಾಡಿ ಹೊಗಳುವ ಆ ಶರಣರು ೧೮೨೨ರಲ್ಲಿ ಲಿಂಗೈಕ್ಯರಾದ ಮೇಲೆಯೂ ಅಲ್ಲಿ ಒಲೆ ಆರಿಲ್ಲ. ನಮ್ಮ ಗುರುಗಳು ಆಚಾರದಲ್ಲಿ ಬಿಗಿಯಾದವರು. ಸಂಜೆ ಕರೆದು, “ಇಂದು ಎಲ್ಲಿ?” ಎಂದರು. “ಅಪ್ಪನಲ್ಲಿ,” ಎಂದೆನು. ಬಹಳ ಹೊತ್ತು ಸುಮ್ಮನಿದ್ದು, “ಹೊಟ್ಟೆ ತುಂಬಿತೆ?” ಎಂದರು. ಮತ್ತೆ ಎಂದೂ ಆ ಮಾತು ತೆಗೆಯಲಿಲ್ಲ.

ಹೀಗೆ ಈ ಮುದಿ ವಯಸ್ಸಿನಲ್ಲಿ ಆರು ಹಾದಿಗಳನ್ನು ಮತ್ತೆ ತುಳಿದೆನು. ಮನೆಗಳು ಬಹುತೇಕ ಇಲ್ಲ. ಒಂದರ ಸ್ಥಳದಲ್ಲಿ ಔಷಧದ ಅಂಗಡಿ, ಒಂದರಲ್ಲಿ ಬಟ್ಟೆಯ ಮಳಿಗೆ. ಅದರಿಂದ ನನಗೆ ದುಃಖವೇನೂ ಆಗಲಿಲ್ಲ. ಶನಿವಾರ ಬಂದಾಗ ಮಾತ್ರ ಕೆರೆಯನ್ನೇ ನಾಲ್ಕು ಸುತ್ತು ಸುತ್ತಿ ಮನೆಗೆ ಹೋದೆನು. ಮರುವಾರವೂ ಹಾಗೆಯೇ. ಎರಡು ತಿಂಗಳ ಶನಿವಾರಗಳು ಹೀಗೆ ಕಳೆದವು.

ಶನಿವಾರದ ಮನೆ ಹಫ್ತ ಗುಂಬಜದ ಆಚೆಯ ಓಣಿಯಲ್ಲಿತ್ತು. ಮಕ್ಕಳಿಲ್ಲದ ವಿಧವೆ, ಒಬ್ಬರೇ. ನಾವು ಅವರಿಗೆ ಕಾಕು ಎನ್ನುತ್ತಿದ್ದೆವು. ಹತ್ತಿ ಬಿಡಿಸಿ ಬತ್ತಿ ಹೊಸೆದು ಗುಡಿಗಳಿಗೆ ಮಾರುವದೇ ಅವರ ಜೀವನ. ಅಂಥವರು ವಾರ ಒಪ್ಪಿಕೊಂಡದ್ದೇ ಆಶ್ಚರ್ಯ. ಆ ವರ್ಷ ರೇಶನ್ ಅಂಗಡಿಗಳಲ್ಲಿ ಪರದೇಶದ ಕೆಂಪು ಜೋಳ ಬರುತ್ತಿತ್ತು. ಬಿಳಿಯ ಜೋಳವನ್ನು ಉಂಡು ಬೆಳೆದ ನಮ್ಮ ಸೀಮೆಯ ನಾಲಿಗೆಗೆ ಅದು ಒಗರು, ರೊಟ್ಟಿಯೂ ಬಿರಿಯುವದು. ಕಾಕು ನನಗೆ ಯಾವಾಗಲೂ ಬಿಳಿಯ ರೊಟ್ಟಿ ಎರಡು, ಪುಂಡಿಪಲ್ಯ, ಒಂದಿಷ್ಟು ಹಿಂಡಿ ಇಕ್ಕುತ್ತಿದ್ದರು. ತಾವು ಏನು ಉಣ್ಣುತ್ತಾರೆಂದು ನಾನು ಕೇಳಿರಲಿಲ್ಲ. ಹುಡುಗರು ಅದನ್ನು ಕೇಳುವದಿಲ್ಲ.

೧೯೭೩ರ ಮಾಘದಲ್ಲಿ ಒಂದು ಶನಿವಾರ ತಾಟಿನಲ್ಲಿ ಕೆಂಪು ರೊಟ್ಟಿ ಬಂದಿತು. ಇಕ್ಕುವಾಗ ಅವರು ನನ್ನ ಮುಖವನ್ನು ನೋಡಲಿಲ್ಲ. ನಾನು ಅರ್ಧ ರೊಟ್ಟಿ ತಿಂದು, ಹೊಟ್ಟೆ ನೋಯುತ್ತದೆಂದು ಸುಳ್ಳು ಹೇಳಿ ಎದ್ದೆನು. “ಯಾಕೋ ತಮ್ಮಾ, ಸೇರಲಿಲ್ಲೇನು?” ಎಂದರು. “ಹಾಂಗೇನಿಲ್ಲ ಕಾಕು,” ಎಂದೆನು. ಅದೇ ವಾರ ಸರಾಫ ಬಜಾರದ ಒಬ್ಬ ವರ್ತಕರು, ಶನಿವಾರ ನಮ್ಮಲ್ಲಿಗೆ ಬಾ ಎಂದರು. ಅಲ್ಲಿ ಅನ್ನಕ್ಕೆ ತುಪ್ಪವಿತ್ತು. ನಾನು ಹೋದೆನು. ಕಾಕುವಿಗೆ ಬರುವದಿಲ್ಲವೆಂದು ಒಂದು ಮಾತು ಹೇಳಿ ಬರಬೇಕೆಂಬದು ನನಗೆ ಗೊತ್ತಿರಲಿಲ್ಲವೆಂದಲ್ಲ. ಮುಂದಿನ ತಿಂಗಳು ಹೋಳಿಯ ತರುವಾಯ ಅಪ್ಪನ ಜಾತ್ರೆಯಾಯಿತು. ರಥೋತ್ಸವದ ದಿನ ಪರುಷ ಬಟ್ಟಲಿನ ದರ್ಶನಕ್ಕೆ ಜನರು ನೂಕಾಡುತ್ತಿರುವಾಗ ಆ ಗದ್ದಲದಲ್ಲಿ ಅವರನ್ನು ಕಂಡೆನು. ಅವರು ನನ್ನನ್ನು ಕಂಡರೋ ಇಲ್ಲವೋ! ನಾನು ತೇರಿನ ಗಾಲಿಯ ಮರೆಗೆ ಸರಿದು ನಿಂತೆನು.

ಮುಂದೆ ಆಳಂದ, ಜೇವರಗಿ ತಾಲೂಕುಗಳ ಶಾಲೆಗಳಲ್ಲಿ ಮೂವತ್ತುಮೂರು ವರ್ಷ ಹುಡುಗರಿಗೆ ಸತ್ಯವೆಂದರೇನು, ಕೃತಜ್ಞತೆಯೆಂದರೇನು ಎಂದು ಪಾಠ ಹೇಳಿದೆನು. ವರ್ಷಕ್ಕೊಮ್ಮೆ ಮಕ್ಕಳನ್ನು ಕಲಬುರಗಿಗೆ ಕರೆತಂದು ಹಫ್ತ ಗುಂಬಜವನ್ನೂ ತೋರಿಸುತ್ತಿದ್ದೆನು. ಮಾತು ಮುಗಿದೊಡನೆ ಮೋಟಾರಿಗೆ ಹತ್ತಿಸುವದು. ಆಚೆಯ ಓಣಿಯ ಕಡೆಗೆ ಯಾವ ಹುಡುಗನೂ ಓಡದಂತೆ ಕಾವಲು ನಾನೇ.

ಕೊನೆಗೆ ಹೋದ ಫಾಲ್ಗುಣದ ಒಂದು ಶನಿವಾರ ಹೊರಟೆನು. ಕೆರೆಯಿಂದ ಚೌಕು, ಅಲ್ಲಿಂದ ಮುಂದೆ. ಗುಮ್ಮಟಗಳು ಬೆಳಗಿನ ಬಿಸಿಲಿನಲ್ಲಿ ಬೂದಿಯ ಬಣ್ಣದಲ್ಲಿದ್ದವು. ಹುಡುಗನಿದ್ದಾಗ ನನಗೆ ಇವುಗಳ ಭಯವಿತ್ತು. ಆಮೇಲೆ ಒಂದು ಶಬ್ದದ ಸಂಗತಿಯಿಂದ ಪ್ರೀತಿ ಹುಟ್ಟಿತು. ಪಾರಸಿಯ ‘ಹಫ್ತ’ವೂ ನಮ್ಮ ‘ಸಪ್ತ’ವೂ ಒಂದೇ ಮೂಲದವು, ನಮ್ಮ ಸಕಾರವು ಅವರಲ್ಲಿ ಹಕಾರವಾಗುತ್ತದೆ, ಸಿಂಧುವು ಹಿಂದುವಾದಂತೆ. ವಾರಕ್ಕೆ ‘ಹಫ್ತಾ’ ಎನ್ನುವದೂ ಏಳು ದಿನಗಳಿಂದಲೇ. ಏಳು ಗುಮ್ಮಟ, ಏಳು ವಾರ. ಅವುಗಳಲ್ಲಿ ಫಿರೋಜ ಶಹನದು ಎಲ್ಲಕ್ಕೂ ದೊಡ್ಡದು, ಎರಡು ಕೋಣೆಗಳದು. ಬಾಗಿಲಿನ ಕೆಲಸದಲ್ಲಿ ನಮ್ಮ ಗುಡಿಗಳ ಶಿಲ್ಪಿಗಳ ಕೈಯನ್ನು ಗುರುತಿಸಬಹುದು. ಜೇವರಗಿಯ ಹಾದಿಯಲ್ಲಿ ಭೀಮೆಯ ದಂಡೆಗೆ ಫಿರೋಜಾಬಾದವನ್ನು ಕಟ್ಟಿಸಿದವನೂ ಇವನೇ. ೧೪೨೨ರಲ್ಲಿ ಇವನು ತೀರಿಕೊಂಡನು; ಅದೇ ವರ್ಷ ಬಂದೇನವಾಜರೂ ತೀರಿಕೊಂಡರು. ಇಬ್ಬರ ಗೋರಿಗಳ ನಡುವಿನ ಅಂತರ ಕಾಲ್ನಡಿಗೆಯಲ್ಲಿ ಕೆಲವೇ ನಿಮಿಷ. ಒಂದರಲ್ಲಿ ಪಾರಿವಾಳಗಳು, ಇನ್ನೊಂದರಲ್ಲಿ ಹಗಲೂ ರಾತ್ರಿ ಜನ. ಇದನ್ನೆಲ್ಲ ನಾನು ಅಲ್ಲಿ ನಿಂತು ಯೋಚಿಸಿದ್ದು, ನಿಜ ಹೇಳಬೇಕೆಂದರೆ, ಮುಂದೆ ಹೋಗುವದನ್ನು ತಡಮಾಡಲಿಕ್ಕಾಗಿ.

ಓಣಿ ಅಷ್ಟೇ ಅಗಲವಿತ್ತು. ಕಾಕುವಿನ ಮನೆಯ ಸ್ಥಳದಲ್ಲಿ ಸಿಮೆಂಟಿನ ಎರಡು ಅಂತಸ್ತು. ಪಕ್ಕದ ಹಳೆಯ ಮನೆಯ ಕಟ್ಟೆಯ ಮೇಲೆ ವೃದ್ಧೆಯೊಬ್ಬರು ಅಕ್ಕಿ ಹಸನು ಮಾಡುತ್ತ ಕುಳಿತಿದ್ದರು. ತಲೆಯ ಮೇಲೆ ದುಪ್ಪಟ್ಟಾ.

“ಯಾರು ಬೇಕಾಗಿತ್ರೀ?” ಎಂದರು.

“ಇಲ್ಲಿ ಬತ್ತಿ ಹೊಸೆಯೋ ಕಾಕು ಇದ್ದರಲ್ಲಾ ಅಮ್ಮಾ,” ಎಂದೆನು.

“ಆಕಿ ಹೋಗಿ ಭಾಳ ವರ್ಷ ಆತ್ರೀ. ನೀವು ಆಕಿಗೆ ಏನಾಗಬೇಕು?”

ನಾನು ಉತ್ತರ ಕೊಡದೆ, “ಪಾಠಶಾಲಿ ಹುಡುಗರು ಊಟಕ್ಕ ಬರತಿದ್ದರು,” ಎಂದಷ್ಟೇ ಹೇಳಿದೆನು.

“ಬರತಿದ್ರು. ಒಬ್ಬಂವ ಹೋದ್ರ ಇನ್ನೊಬ್ಬಂವ. ಸಾಯೋತನಕಾ ನೀಡ್ಯಾಳ ಆಕಿ. ನಾ ಆಗ ಹೊಸಾ ಸೊಸಿ, ಆಳಂದದಾಕಿ. ಬರಗಾಲದಾಗ ಒಬ್ಬ ಹುಡುಗ ಕೆಂಪು ರೊಟ್ಟಿ ಉಣಲಿಲ್ಲಂತ. ಮುಂದಿನ ಶನಿವಾರಕ್ಕ ಒಂದ್ ಪಾವು ಬಿಳಿ ಜೋಳ ಕೊಡವ್ವಾ ಅಂತ ನನ್ನ ಹತ್ರ ಬಂದಳು. ಅತ್ತಿಗೆ ಗೊತ್ತಾಗದಂಗ ಸೆರಗಿನಾಗ ಕಟಗೊಂಡು ಹೋಗಿ ಕೊಟ್ಟೆ. ಅದಕ್ಕ ನೆನಪದ ನೋಡ್ರೀ. ಸಿಕ್ಕಿಬಿದ್ದಿದ್ರ ನನ್ನ ಗತಿ!” ಎಂದು ನಕ್ಕರು.

“ಹುಡುಗ ಉಂಡನೇನು?”

“ಬರಲೇ ಇಲ್ಲ. ಹೊತ್ತು ಮುಳುಗೋತನಕಾ ಬಾಗಿಲಾಗ ಕುಂತಿದ್ದಳು. ಮರುದಿನ ಜೋಳ ನನಗ ತಿರುಗಿ ಕೊಟ್ಟಳು, ಬೀಸಿರಲಿಲ್ಲ. ನೀನರೆ ತಿನ್ನವ್ವಾ ಕಾಕು ಅಂದ್ರ ಕೇಳಲಿಲ್ಲ. ಆಮ್ಯಾಲೆ ಬ್ಯಾರೆ ಹುಡುಗ ಬಂದ. ಅಂವ ಕೆಂಪೂ ಉಣತಿದ್ದ, ಬಿಳಿದೂ ಉಣತಿದ್ದ.”

ನಾನು ಕಟ್ಟೆಯ ಅಂಚಿಗೆ ಕುಳಿತೆನು. ಅವರು ಅಕ್ಕಿಯೊಳಗಿನ ಹಳ್ಳು ಆರಿಸುತ್ತಲೇ ಇದ್ದರು. ಕೆಲಹೊತ್ತಿನ ಮೇಲೆ, “ಆ ಬರದೆ ಹೋದ ಹುಡುಗ ನಾನೇ ಅಮ್ಮಾ,” ಎಂದೆನು. ಅವರ ಕೈ ನಿಂತಿತು. ನನ್ನ ಬಿಳಿಯ ತಲೆಯನ್ನೂ, ಕೈಯಲ್ಲಿನ ಕೋಲನ್ನೂ ನೋಡಿದರು. ನನಗೆ ಬೇಕಾಗಿದ್ದದ್ದು ಬೈಗಳೋ ಸಮಾಧಾನವೋ ಈಗಲೂ ಹೇಳಲಾರೆನು. ಅವರು ಎರಡನ್ನೂ ಕೊಡಲಿಲ್ಲ. ಒಳಗೆ ತಿರುಗಿ ಮೊಮ್ಮಗಳನ್ನು ಕೂಗಿ ಚಹಾ ಮಾಡಲು ಹೇಳಿದರು. ಸಕ್ಕರೆ ಸುರಿದ ಚಹಾ. ವೈದ್ಯರ ಮಾತನ್ನು ಅಲ್ಲಿ ಎತ್ತಲಿಲ್ಲ. ಬಟ್ಟಲನ್ನು ಬರಿದು ಮಾಡಿ ಎದ್ದೆನು. ಮನೆಯಲ್ಲಿಯೂ ಹೇಳಿಲ್ಲ.

ಅಂದಿನಿಂದ ಶನಿವಾರಗಳಲ್ಲಿ ಆ ಹಾದಿಗೇ ಹೋಗುತ್ತಿದ್ದೇನೆ. ನಮ್ಮ ತರುಣ ಮಿತ್ರರಿಗೆ ಬರೆದುಕೊಟ್ಟದ್ದು ಹೀಗಿದೆ: ಕೆರೆಯ ದಂಡೆಯಿಂದ ಚೌಕಿನ ಮೇಲೆ ಹಾಯ್ದು ಹಫ್ತ ಗುಂಬಜದ ವರೆಗೆ, ನಿಧಾನವಾಗಿ ನಡೆದರೆ ಮುಕ್ಕಾಲು ಗಂಟೆ. ಬೇಸಗೆಯಾದರೆ ಏಳು ಗಂಟೆಯೊಳಗೆ ಹೊರಡತಕ್ಕದ್ದು, ನೀರು ಒಯ್ಯತಕ್ಕದ್ದು. ಫಿರೋಜ ಶಹನ ಗೋರಿಯನ್ನು ಒಳಹೊಕ್ಕು ನೋಡಿ, ಅಲ್ಲಿಂದ ದರ್ಗಾಕ್ಕೆ ಹೋಗಬಹುದು. ಆಚೆಯ ಓಣಿಯನ್ನು ಪುಸ್ತಿಕೆಯಲ್ಲಿ ಹಾಕಬೇಡಿರೆಂದು ಹೇಳಿದ್ದೇನೆ. ಪರಸ್ಥಳದವರಿಗೆ ಅಲ್ಲಿ ನೋಡತಕ್ಕದ್ದೇನೂ ಇಲ್ಲ.